ಕೌದಿಗೊಂದು ವಿಳಾಸ

ದೀಪಾವಳಿ ಮುಗಿದ ವಾರ ದರ್ಜಿಗಳಿಗೆ ಬಿಡುವು, ನನಗೆ ಸುಗ್ಗಿ. ಹಬ್ಬಕ್ಕೆ ಹೊಲಿದ ಕುಪ್ಪಸ, ಪರಕಾರ, ಅಂಗಿಗಳೆಲ್ಲ ಅವರವರ ಮನೆ ಸೇರಿರುತ್ತವೆ. ಕತ್ತರಿಸಿ ಉಳಿದ ತುಂಡುಗಳು ಮಷಿನ್ನಿನ ಬುಡದಲ್ಲಿ ಚೀಲಗಟ್ಟಲೆ ಬಿದ್ದಿರುತ್ತವೆ. ‘ಬಾಯಾರ, ನಿಮ್ಮ ಚೀಲ ತುಂಬೇತಿ, ಬಂದು ಒಯ್ರಿ’ ಎಂದು ಧಾರವಾಡದ ನಮ್ಮ ಓಣಿಯ ಟೇಲರ್ ಫೋನ್ ಮಾಡಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತೇನೆ.

ಚೀಲ ಸುರಿದು ಆರಿಸುವುದೇ ಒಂದು ಸುಖ. ಹತ್ತಿ ಒಂದು ಕಡೆ, ರೇಷ್ಮೆ ಒಂದು ಕಡೆ, ಪಾಲಿಯೆಸ್ಟರ್ ದೂರ. ಅನುಮಾನ ಬಂದಾಗ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರಾದ ಬೂದಿ ಉದುರುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಗುಳೇದಗುಡ್ಡದ ಖಣ ಸಿಕ್ಕರಂತೂ ಅಂಗೈಯಗಲದ ಚೂರನ್ನೂ ಬಿಡುವುದಿಲ್ಲ. ಬೆಳಕಿನ ಕಡೆ ತಿರುಗಿಸಿದಂತೆ ಅದರ ಬಣ್ಣ ಬದಲಾಗುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನೆರೆಯವರು ಕೊಡುವ ಹಳೆಯ ಇಳಕಲ್ ಸೀರೆಗಳದು ಬೇರೆಯದೇ ಗುಣ. ಒಡಲು ಸವೆದು ಜಾಳಾದ ಮೇಲೂ ದಡಿ ಗಟ್ಟಿಯಾಗಿಯೇ ಇರುತ್ತದೆ. ಜಾಳಾದ ಒಡಲು ನಾನು ತುಂಡು ಸೇರಿಸಿ ಹೊಲಿಯುವ ಹೊದಿಕೆಯ, ಅಂದರೆ ಕೌದಿಯ, ಒಳಪದರಕ್ಕೆ ಹೋಗುತ್ತದೆ, ಏಕೆಂದರೆ ಅಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೈಗೆ ಹತ್ತಿದ ಅರಿವಿಯ ಮೆತ್ತನೆ ವರ್ಷಗಟ್ಟಲೆ ಉಟ್ಟು, ಒಗೆದು, ಒಣಗಿಸಿದ್ದರಿಂದಲೇ ಬರುವಂಥದ್ದು.

ಕೌದಿಯ ಹೊಲಿಗೆ ಬಹಳ ಸಾದಾ. ಸೂಜಿ ಇಳಿಯಬೇಕು, ಏರಬೇಕು, ಅಷ್ಟೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತ, ತುಂಡಿಗೆ ತುಂಡು ಸೇರಿಸುತ್ತ ನಡುವಿನವರೆಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಫೂಲ ಕೂಡಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂಬುದು ಅವರ ಮಾತು. ನಾನು ಕಲಿತದ್ದು ನಮ್ಮ ಓಣಿಯ ಆಯಿಯೊಬ್ಬರಿಂದ, ಮಧ್ಯಾಹ್ನದ ಕಟ್ಟೆಯ ಮೇಲೆ. ನಾನೂ ಅಂಚಿನಿಂದ ನಡುವಿಗೇ ಹೋಗುತ್ತೇನೆ. ಹೊಲಿಗೆಯ ಸಾಲುಗಳು ಒಂದರೊಳಗೊಂದು ಕಿರಿದಾಗುತ್ತ ಬಂದು ನಡುವಿನ ಚೌಕ ಅಂಗೈಯಷ್ಟು ಉಳಿದಾಗ ಕೈ ತಾನಾಗಿ ನಿಧಾನವಾಗುತ್ತದೆ. ಅದು ಮುಗಿಯುವುದು ಬೇಡವೆನ್ನಿಸುತ್ತದೆ.

ಆದರೂ ಮಾರುತ್ತೇನೆ, ಮಾರುವುದೂ ನನಗೆ ಇಷ್ಟವೇ. ಬಜಾರದಲ್ಲಿ ಹತ್ತು ಚಾದರಗಳ ನಡುವೆ ಕೌದಿ ಇಟ್ಟರೆ ‘ಹಳೇ ಅರಿವಿದಲ್ಲೇನ್ರೀ’ ಎಂದು ಮುಂದೆ ಹೋಗುವವರೇ ಹೆಚ್ಚು. ಹಳೆಯ ಅರಿವಿಯೇ ಬೇಕೆಂದು ಹುಡುಕುವವರು ಇದ್ದಾರೆ, ಆದರೆ ಒಂದೇ ಊರಿನಲ್ಲಿಲ್ಲ. ಪುಣೆಯಲ್ಲೊಬ್ಬರು, ಮಂಗಳೂರಿನಲ್ಲೊಬ್ಬರು, ಕಡಲಾಚೆ ಕೂಸಿನ ದಾರಿ ಕಾಯುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳು. ಒಂದೇ ಒಂದು ಇರುವ ವಸ್ತು, ಅದನ್ನು ಬೇಕೆನ್ನುವ ಒಬ್ಬರು. ಅದನ್ನೂ ಅವರನ್ನೂ ಸೇರಿಸಲು ಆನ್‌ಲೈನ್ ಮಾರುಕಟ್ಟೆಯಷ್ಟು ಒಳ್ಳೆಯ ಜಾಗ ನಾನು ಕಂಡಿಲ್ಲ. 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾದ ಎಟ್ಸಿಯಲ್ಲಿ ಕೈಕೆಲಸಕ್ಕೂ ಕರಕುಶಲದ ಸಾಮಗ್ರಿಗೂ ಜಾಗವಿದೆ, ಕನಿಷ್ಠ 20 ವರ್ಷ ಹಳೆಯದಾದ ವಸ್ತುವಿಗೂ ಇದೆ. ಹೀಗಾಗಿ ನನ್ನ ಮನೆಯಲ್ಲಿ ಏನೂ ದಂಡವಾಗುವುದಿಲ್ಲ. ಕೌದಿಗೆ ಬಾರದ ಖಣದ ಚೂರುಗಳು ಕಟ್ಟುಕಟ್ಟಾಗಿ ಗೊಂಬೆ ಮಾಡುವವರಿಗೆ, ಹಳೆಯ ಸೀರೆಯ ದಡಿಗಳು ಚೀಲ ಹೊಲಿಯುವವರಿಗೆ ಹೋಗುತ್ತವೆ.

ಫೋಟೋಕ್ಕೆ ಮೋಡದ ದಿನದ ಬೆಳಕೇ ಉತ್ತಮ. ನೇರ ಬಿಸಿಲಿನಲ್ಲಿ ಇಳಕಲ್ಲಿನ ಕೆಂಪು ಉರಿದಂತೆ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಿ ಸತ್ತಂತೆ. ಪೂರ್ತಿ ಕೌದಿಯದೊಂದು, ಹಿಂಬದಿಯದೊಂದು, ಹೊಲಿಗೆಯ ಹತ್ತಿರದ್ದೊಂದು, ಕಲೆ ಅಥವಾ ರಫು ಇದ್ದರೆ ಅದರದೂ ಒಂದು ಫೋಟೋ ಇರಲೇಬೇಕು. ಬರೆಯುವಾಗ ಮೊದಲ ಸಾಲಿನಲ್ಲೇ ‘ಉಟ್ಟ ಬಟ್ಟೆಯಿಂದ ಹೊಲಿದ ಕೌದಿ’ ಎನ್ನುತ್ತೇನೆ. ಯಾವ ತುಂಡು ಎಲ್ಲಿಯದು, ಎಷ್ಟು ಪದರ, ಉದ್ದ ಅಗಲ ಎಷ್ಟು, ಒಗೆಯುವುದು ಹೇಗೆ, ಎಲ್ಲವನ್ನೂ ಬರೆಯುತ್ತೇನೆ. ಕಾಂಥಾ ಎಂದು ಹಾಕಿದರೆ ಹುಡುಕಾಟದಲ್ಲಿ ಬೇಗ ಸಿಗುತ್ತದೆ ಎಂದು ಹೇಳಿಕೊಟ್ಟವರಿದ್ದಾರೆ. ಹಾಕುವುದಿಲ್ಲ. ಅದು ಬಂಗಾಳದ ಹೆಣ್ಣುಮಕ್ಕಳ ಕೈಯದು, ಇದು ನಮ್ಮದು. ‘ಹೊಲಿಗಿ ಸೊಟ್ಟ ಐತಲ್ರೀ’ ಎಂದು ಕೇಳಿದವರಿಗೆ ಹೊಲಿಗೆಯ ಇನ್ನೂ ನಾಲ್ಕು ಚಿತ್ರ ಕಳಿಸುತ್ತೇನೆ. ಮಷಿನ್ನಿನ ಹೊಲಿಗೆ ಬೇಕಿದ್ದವರು ಅಲ್ಲಿಗೇ ನಿಲ್ಲುತ್ತಾರೆ. ಉಳಿದವರು ಕೊಳ್ಳುತ್ತಾರೆ, ಎಷ್ಟೋ ಜನ ಮತ್ತೊಂದಕ್ಕೂ ಬರುತ್ತಾರೆ.

ಕಟ್ಟಿ ಕಳಿಸುವುದು ಇನ್ನೊಂದು ವಿದ್ಯೆ. ಖಾಸಗಿ ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಎರಡು ಕಿಲೋ ಕೌದಿಯನ್ನು 40, 35, 20ರ ಪೆಟ್ಟಿಗೆಯಲ್ಲಿ ಸಡಿಲವಾಗಿಟ್ಟರೆ ಅದರ ಲೆಕ್ಕ 5.6 ಕಿಲೋ. ಅದನ್ನೇ ಮಡಚಿ, ಮೊಣಕಾಲೂರಿ ಒತ್ತಿ, ಅರಿವಿಯ ಪಟ್ಟಿಯಿಂದ ಬಿಗಿದು 40, 30, 10ಕ್ಕೆ ತಂದರೆ 2.4 ಕಿಲೋ. ಬಿಗಿದ ಗಂಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊಲಿದು, ವಿಳಾಸ ಬರೆಯುತ್ತೇನೆ. ಕಾಣದ ಊರಿನ ಹೆಸರನ್ನು ದುಂಡಗೆ ಬರೆಯುವುದು ನನಗೆ ಇಂದಿಗೂ ಸಂಭ್ರಮ.

ಕಷ್ಟಗಳೂ ಇವೆ. ಎಟ್ಸಿಯಲ್ಲಿ ಒಂದು ವಸ್ತುವನ್ನು ನಾಲ್ಕು ತಿಂಗಳು ಇಡಲು 20 ಸೆಂಟ್. ಮಾರಾಟವಾದರೆ ಬೆಲೆಯ ಮೇಲೂ ಸಾಗಣೆ ಹಣದ ಮೇಲೂ ನೂರಕ್ಕೆ 6.5 ಕಡಿತ. ಅಮೆರಿಕದಲ್ಲಿ 800 ಡಾಲರಿನವರೆಗಿನ ಪಾರ್ಸಲ್‌ಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ಹೋಯಿತು, ಅಲ್ಲಿನವರಿಗೆ ನನ್ನ ಕೌದಿ ದುಬಾರಿಯಾಯಿತು. ಇತ್ತ ನಮ್ಮಲ್ಲಿ 2023ರ ಅಕ್ಟೋಬರ್ 1ರಿಂದ ಒಂದು ಅನುಕೂಲವಾಗಿದೆ: ವಹಿವಾಟು ಮಿತಿಯೊಳಗಿರುವ ಸಣ್ಣವರು ಜಿಎಸ್‌ಟಿ ನೋಂದಣಿಯಿಲ್ಲದೆ, ಒಂದು ದಾಖಲಾತಿ ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಆನ್‌ಲೈನಿನಲ್ಲಿ ಮಾರಬಹುದು. ಹೊಲಿಗೆ ಬಲ್ಲ ಎಷ್ಟೋ ಅಕ್ಕತಂಗಿಯರಿಗೆ ಇದು ಗೊತ್ತೇ ಇಲ್ಲ.

ನನ್ನನ್ನು ನಿಜಕ್ಕೂ ನೋಯಿಸುವುದು ಬೇರೆ. ಬಟ್ಟೆ ಪುಕ್ಕಟೆ ಸಿಕ್ಕಿದ್ದಲ್ಲವೇ ಎಂದು ಹೊಲಿದವರೇ ಕೌದಿಯನ್ನು ಚಾದರದ ಬೆಲೆಗೆ ಕೊಟ್ಟುಬಿಡುತ್ತಾರೆ. ಬಟ್ಟೆಗೆ ದುಡ್ಡಿಲ್ಲದಿರಬಹುದು, ವಾರಗಟ್ಟಲೆ ಕೂತ ಬೆನ್ನಿಗೆ, ಸೂಜಿಗೆ ಸವೆದ ಬೆರಳಿಗೆ ದುಡ್ಡಿದೆ. ಒಬ್ಬರು ಅಗ್ಗಕ್ಕೆ ಕೊಟ್ಟರೆ ಪಕ್ಕದವಳ ಕೌದಿಗೂ ಅದೇ ಬೆಲೆ ಕಟ್ಟುತ್ತಾರೆ. ನೀವು ಹೊಲಿಯುವವರಾದರೆ ಬೆಲೆ ಬರೆಯುವ ಮುಂಚೆ ಕೂತ ದಿನಗಳನ್ನು ಎಣಿಸಿ, ನಿಮ್ಮೂರಲ್ಲಿ ಒಂದು ದಿನದ ಕೂಲಿ ಎಷ್ಟಿದೆಯೋ ಅದರಿಂದ ಗುಣಿಸಿ, ದಾರ, ಸಾಗಣೆ, ಕಡಿತ ಆಮೇಲೆ ಕೂಡಿಸಿ. ಕೊಳ್ಳುವವರಾದರೆ ಕೈಹೊಲಿಗೆಯೋ ಮಷಿನ್ನಿನದೋ ಎಂದು ಕೇಳಿ, ಹೊಲಿದವರು ಯಾರೆಂದು ಕೇಳಿ. ಆಮೇಲೆ ಚೌಕಾಸಿ ಮಾಡಬೇಡಿ.