ನೀರು, ದೀಪ ಸಹಿತವಾದ ಬಾಡಿಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಂದ ನಮ್ಮ ಶಾಲೆಗೆ ಬರುವ ಹುಡುಗಿಯರಲ್ಲಿ ಬಾಡಿಗೆಯ ಮನೆಯಲ್ಲಿ ಬೆಳೆದವರು ಕಡಿಮೆ. ಹಿತ್ತಲ ಬಾವಿಯ ನೀರಿಗೂ ಒಲೆಯ ಕಟ್ಟಿಗೆಗೂ ತಿಂಗಳ ದರವುಂಟೆಂದು ಅವರು ಎಣಿಸಿದ್ದೇ ಇಲ್ಲ. ನಮ್ಮ ಬೋರ್ಡಿಂಗಿನಲ್ಲಿದ್ದವರಿಗಂತೂ ಫೀ ಒಂದೇ. ಅದರಲ್ಲಿಯೇ ಊಟ, ಹಾಸಿಗೆ, ನೀರು, ದೀಪ ಎಲ್ಲವೂ ಅಡಕವಾಗಿದ್ದವು. ದೀಪವನ್ನು ಆರಿಸದೆ ಪ್ರಾರ್ಥನೆಗೆ ಹೋದವರಿಗೆ ಮೇಟ್ರನ್ ಬಾಯಿಯವರಿಂದ ಬೈಗಳು ಬಂದಿರಬಹುದು, ಬಿಲ್ಲು ಬಂದಿಲ್ಲ. ಇಂಥವರೇ ನರ್ಸಿಂಗ್ ಕಲಿಯಲಿಕ್ಕೆಂದೋ ಉದ್ಯೋಗಕ್ಕೆಂದೋ ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗಿ, “ನೀರು, ಲೈಟು ಎಲ್ಲಾ ಸೇರಿ ಇಷ್ಟು” ಎಂಬ ಬಾಡಿಗೆಯ ಮಾತನ್ನು ಮೊದಲನೆಯ ಸಲ ಕೇಳುತ್ತಾರೆ. ಅವರ ಸಲುವಾಗಿಯೂ ಅವರ ತಾಯಿತಂದೆಗಳ ಸಲುವಾಗಿಯೂ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿತು.

2024ರ ಬೇಸಗೆಯಲ್ಲಿ ಹಾನಗಲ್ಲ ತಾಲೂಕಿನ ಒಬ್ಬ ತಾಯಿಯವರು ನಮ್ಮ ಕಚೇರಿಗೆ ಬಂದರು. ಅವರ ಮಗಳು ನಮ್ಮ ಹಳೆಯ ವಿದ್ಯಾರ್ಥಿನಿ, ಬೆಂಗಳೂರಿನಲ್ಲಿ ನರ್ಸು. ಮತ್ತಿಬ್ಬರು ಗೆಳತಿಯರೊಡನೆ ಒಂದು ಅಪಾರ್ಟ್‌ಮೆಂಟಿನಲ್ಲಿ “ಎಲ್ಲಾ ಸೇರಿ” ಬಾಡಿಗೆಗೆ ಮನೆ ಹಿಡಿದಿದ್ದಳು. ಆ ವರ್ಷ ಬೆಂಗಳೂರಿನ ಕೊಳವೆಬಾವಿಗಳು ಬಹಳಷ್ಟು ಬತ್ತಿದವಷ್ಟೇ. ಮಾಲಿಕರು ಟ್ಯಾಂಕರಿನ ಖರ್ಚೆಂದು ಒಬ್ಬೊಬ್ಬರಿಗೆ ತಿಂಗಳಿಗೆ 1,200 ರೂಪಾಯಿ ಹೆಚ್ಚಿಗೆ ಕೇಳಿದರು; ಆಗದಿದ್ದರೆ ಮನೆ ಬಿಡಿರೆಂದರು. “ಅಕ್ಕೋರೆ, ಮಗಳನ್ನ ಕರಕೊಂಡು ಬಂದುಬಿಡ್ಲೇನ್ರಿ?” ಎಂದು ತಾಯಿ ಕೇಳಿದರು. ಆ ಹುಡುಗಿಯ ಸಂಬಳದಿಂದಲೇ ತಮ್ಮನ ಓದು ನಡೆದಿದೆಯೆಂಬದು ನಮಗೆ ಗೊತ್ತಿತ್ತು.

ಕರಾರು ಪತ್ರವನ್ನು ಫೋನಿನಲ್ಲಿ ತರಿಸಿ ಓದಿದೆವು. ಅದರಲ್ಲಿ “ವಿದ್ಯುತ್ತು ಮತ್ತು ನಿರ್ವಹಣೆ ಸಹಿತ” ಎಂದಿತ್ತು; ನೀರೆಂಬ ಶಬ್ದವೇ ಇರಲಿಲ್ಲ. “ಎಲ್ಲಾ” ಎಂಬದು ಬಾಯಿಮಾತಿನಲ್ಲಿ ಉಳಿದಿತ್ತು. ಕಾವೇರಿ ನೀರು ಬಾಡಿಗೆಯಲ್ಲಿ ಸೇರಿದೆ, ಟ್ಯಾಂಕರಿನದು ಬೇರೆ ಎಂದು ಮಾಲಿಕರು ವಾದಿಸಿದರು. ವಾದಕ್ಕೆ ಕಾಗದವೇ ಎಡೆಗೊಟ್ಟಿತ್ತು.

ಆಗ ಲೆಕ್ಕಕ್ಕೆ ಕುಳಿತೆವು. ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಿಲ್ಲಾಡಳಿತವು ಟ್ಯಾಂಕರಿನ ದರವನ್ನು ಗೊತ್ತುಪಡಿಸಿತ್ತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ತೆರಿಗೆ ಬೇರೆ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ನೀರೆಂದು ಇಂಜಿನಿಯರರ ಅಳತೆ. ಮೂವರಿಗೆ ಮೂವತ್ತು ದಿನಕ್ಕೆ 12,150 ಲೀಟರಾಯಿತು. ಅಂದಬಳಿಕ ತೊಟ್ಟು ಕಾವೇರಿ ನೀರು ಬಾರದಿದ್ದರೂ ಮೂವರಿಗೆ ತಿಂಗಳಿಗೆ ಒಂದು ದೊಡ್ಡ ಟ್ಯಾಂಕರು ಸಾಕು. ಕೇಳಿದ್ದು 3,600 ರೂಪಾಯಿ. ಹುಡುಗಿಯರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮರ್ಯಾದೆಯಿಂದ ಮಾಲಿಕರ ಮುಂದಿಟ್ಟರು. ಅವರು ಗೊಣಗುತ್ತ, ಮಳೆ ಬರುವ ತನಕ ತಲೆಗೆ 500 ರೂಪಾಯಿಗೆ ಒಪ್ಪಿದರು. ಅದೂ ಹೆಚ್ಚೇ. ಆದರೂ ಕೆಲಸ ಉಳಿಯಿತು. ಲೂಕನ ಸುವಾರ್ತೆಯಲ್ಲಿಯ ಬುರುಜು ಕಟ್ಟುವವನ ಸಾಮ್ಯವನ್ನು ಆ ಹುಡುಗಿ ನಮ್ಮ ಬೈಬಲ್ ತರಗತಿಯಲ್ಲಿಯೇ ಬಾಯಿಪಾಠ ಮಾಡಿದ್ದಳೆಂಬದನ್ನು ನೆನೆದು ನಮಗೆ ನಗೆ ಬಂತು.

ಹುಬ್ಬಳ್ಳಿಯಲ್ಲಿ ಮಾತು ಬೇರೆ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನವಿಡೀ ನಳದ ನೀರು ಬಂದಿತು. ಉಳಿದ ಓಣಿಗಳವರು ಎಷ್ಟೋ ದಿನಗಳಿಗೊಮ್ಮೆ ಬರುವ ನೀರನ್ನು ಕಾಯುವದನ್ನು ರೂಢಿ ಮಾಡಿಕೊಂಡರು. ಅಂಥಲ್ಲಿ “ನೀರು ಸೇರಿ” ಎಂದರೆ ಸಂಪಿನಲ್ಲಿ ಎಷ್ಟು ನೀರು ನಿಲ್ಲುವದು, ಅದರಲ್ಲಿ ಎಷ್ಟು ಮನೆಗಳ ಪಾಲುಂಟು ಎಂದು ಕೇಳಬೇಕು.

ಇನ್ನು ದೀಪದ ಮಾತು. ಗೃಹಜ್ಯೋತಿ ಯೋಜನೆಯು 2023ರ ಜುಲೈದಿಂದ ಜಾರಿಗೆ ಬಂತು. ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಕೂಡಿಸಿ, 200 ಯೂನಿಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತನ್ನು ಬಿಟ್ಟುಕೊಟ್ಟರು. 200 ದಾಟಿದರೆ ಪೂರ್ಣ ಬಿಲ್ಲು. ಬಾಡಿಗೆದಾರರಿಗೂ ಅವಕಾಶವಿತ್ತು; ಮೀಟರಿನ ಆರ್.ಆರ್. ನಂಬರಿಗೆ ತಮ್ಮ ಆಧಾರವನ್ನು ಜೋಡಿಸಬೇಕಾಗಿತ್ತು. ಆದರೆ ಮೂರು ಸಂಸಾರಗಳಿಗೆ ಒಂದೇ ಮೀಟರಿದ್ದಲ್ಲಿ ಲೆಕ್ಕವು 200ನ್ನು ಸುಲಭವಾಗಿ ದಾಟುವದು, ಯಾರಿಗೂ ಲಾಭವಿಲ್ಲ. ಬೇರೆ ಮೀಟರಿದ್ದು, ಬಿಲ್ಲು ಸೊನ್ನೆ ಬರುತ್ತಿದ್ದರೂ “ಲೈಟು ಸೇರಿ” ಎಂದು ಬಾಡಿಗೆಯನ್ನು ಏರಿಸುವವರೂ ಇದ್ದಾರೆ. ಸರಕಾರವು ಕೊಟ್ಟದ್ದನ್ನು ಹೀಗೆ ಮಾರುವದು ನಮ್ಮ ಮನಸ್ಸಿಗೆ ಒಪ್ಪದು. ಹುಡುಗಿಯರೂ ತಮ್ಮ ಬಳಕೆಯನ್ನು ತಿಳಿದಿರಬೇಕು: 1,500 ವ್ಯಾಟಿನ ಇಂಡಕ್ಷನ್ ಒಲೆ ದಿನಕ್ಕೊಂದು ತಾಸು ಉರಿದರೆ ತಿಂಗಳಿಗೆ 45 ಯೂನಿಟು, 2,000 ವ್ಯಾಟಿನ ಗೀಸರು ದಿನಕ್ಕೆ ಮುಕ್ಕಾಲು ತಾಸು ನಡೆದರೆ ಇನ್ನೊಂದು 45.

ಬಿಲ್ಲು ತುಂಬುವವರ ಕೈಯಲ್ಲಿ ಸ್ವಿಚ್ಚೂ ಇರುವದೆಂಬದು ನಮಗೆ ಬಿ.ಎಡ್. ಕಲಿಯುವಾಗಲೇ ತಿಳಿದಿತ್ತು. ಧಾರವಾಡದಲ್ಲಿ ನಾವಿಬ್ಬರು ಹಿಡಿದ ಹಿಂದಿನ ಕೋಣೆಗೆ ದೀಪ ಸಹಿತ ಬಾಡಿಗೆ. ರಾತ್ರಿ ಹತ್ತಾಯಿತೆಂದರೆ ಮನೆಯೊಡತಿಯವರು ಮೇನನ್ನೇ ಆರಿಸುತ್ತಿದ್ದರು. ಪರೀಕ್ಷೆಯ ಪಾಠಗಳನ್ನು ಮೇಣಬತ್ತಿಯ ಬೆಳಕಿನಲ್ಲಿ ಓದಿದೆವು. ಆ ಮೇಣಬತ್ತಿ ಬಾಡಿಗೆಯಲ್ಲಿ ಸೇರಿರಲಿಲ್ಲ.

1999ರ ಕರ್ನಾಟಕ ಬಾಡಿಗೆ ಕಾಯಿದೆಯು ಅವಶ್ಯಕ ಸೌಕರ್ಯಗಳನ್ನು ಸಬಬಿಲ್ಲದೆ ಕಡಿಯಬಾರದೆಂದು ವಿಧಿಸಿತು. ಆದರೆ ಅದೇ ಕಾಯಿದೆಯು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಆ ಮೊತ್ತಕ್ಕೆ ಬೆಂಗಳೂರಿನಲ್ಲಿ ಮನೆಯೆಲ್ಲಿ? ಅದು ಕಾರಣ ಕರಾರು ಪತ್ರವೇ ಆಧಾರ. ವರುಷಕ್ಕೆ ಮೀರಿದ ಬಾಡಿಗೆಪತ್ರವನ್ನು 1908ರ ಕಾಯಿದೆಯ ಮೇರೆಗೆ ನೋಂದಾಯಿಸಬೇಕಾದ್ದರಿಂದ ಹನ್ನೊಂದು ತಿಂಗಳಿಗೆ ಬರೆಯುವ ರೂಢಿ ಬಿದ್ದಿದೆ. ಹನ್ನೊಂದೇ ತಿಂಗಳಿನದೆಂದು ಅದನ್ನು ಓದದೆ ಸಹಿ ಮಾಡಬಾರದು.

ಇಷ್ಟಾದರೂ, ಹೊಸದಾಗಿ ಊರು ಬಿಟ್ಟ ಹುಡುಗಿಗೆ ಮೊದಲನೆಯ ವರ್ಷ ಎಲ್ಲಾ ಸೇರಿದ ಬಾಡಿಗೆಯೇ ಲೇಸೆಂದು ನಮ್ಮ ಅಭಿಪ್ರಾಯ. ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ. ಊರಿಗೆ ಎಷ್ಟು ಕಳಿಸಬಹುದೆಂಬದು ತಿಂಗಳ ಮೊದಲಿಗೇ ತಿಳಿಯುವದು. ಮುಂದೆ ಸ್ವಂತ ಮೀಟರಿನ ಮನೆ ಹುಡುಕಿಕೊಳ್ಳಲಿ. ಆ ನರ್ಸಮ್ಮ ತನ್ನ ಮುಂದಿನ ಕರಾರಿನಲ್ಲಿ “ಟ್ಯಾಂಕರಿನ ನೀರು ಸಹಿತ” ಎಂದು ಬರೆಯಿಸಿದ ಮೇಲೆಯೇ ಸಹಿ ಹಾಕಿದಳು.

ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಸಹಿಗೆ ಮೊದಲು ಕರಾರು ಪತ್ರವನ್ನು ನಮಗೆ ಓದಿ ತೋರಿಸಬೇಕೆಂದರೆ ಸಂಕೋಚವಿಲ್ಲದೆ ಕಳಿಸಬಹುದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವು ಕಚೇರಿಯಲ್ಲಿಯೇ ಇರುತ್ತೇವೆ.