ದೊರೆಯ ಹೆಸರಿಲ್ಲದ ನಾಣ್ಯ

ಇಟಲಿಯ ಸಿಸಿಲಿ ದ್ವೀಪದ ಪೂರ್ವ ಕರಾವಳಿಯಲ್ಲಿ ಸಿರಾಕ್ಯೂಸ್ ನಗರವಿದೆ. ವಿಜ್ಞಾನದ ಪಾಠದಲ್ಲಿ ಬರುವ ಆರ್ಕಿಮಿಡೀಸನ ಊರು ಇದು. ಕ್ರಿ.ಪೂ. 8ನೇ ಶತಮಾನದಲ್ಲಿ ಗ್ರೀಸಿನ ಕೊರಿಂತ್‌ನಿಂದ ಬಂದವರು ಇದನ್ನು ಕಟ್ಟಿದರು. ಊರಿನ ಹಳೆಯ ಭಾಗವಾದ ಓರ್ಟೀಜಿಯಾ ಒಂದು ಪುಟ್ಟ ದ್ವೀಪ. ಅಲ್ಲಿ ಸಮುದ್ರದ ಅಂಚಿಗೇ ಸಿಹಿನೀರಿನ ಕೊಳವೊಂದಿದೆ. ಕೊಳದಲ್ಲಿ ಪಪೈರಸ್ ಜೊಂಡು, ಬಾತುಕೋಳಿಗಳು; ಗೋಡೆಯಾಚೆ ಉಪ್ಪುನೀರು!

ಕೊಳದ ಹೆಸರು ಅರೆಥೂಸಾ. ಗ್ರೀಸಿನ ಆಲ್ಫಿಯಸ್ ನದಿದೇವ ಬೆನ್ನಟ್ಟಿದಾಗ ಈ ಜಲಕನ್ಯೆ ಬುಗ್ಗೆಯಾಗಿ ಮಾರ್ಪಟ್ಟು, ಇಲ್ಲಿ ಬಂದು ಚಿಮ್ಮಿದಳೆಂದು ಪುರಾಣ ಹೇಳುತ್ತದೆ. ಸಿರಾಕ್ಯೂಸಿನ ಬೆಳ್ಳಿ ನಾಣ್ಯಗಳ ಮೇಲಿರುವುದು ಅವಳದೇ ಮುಖ. ಸುತ್ತಲೂ ಡಾಲ್ಫಿನ್‌ಗಳು. ಹಿಂಬದಿಯಲ್ಲಿ ನಾಲ್ಕು ಕುದುರೆಗಳ ರಥ, ಮೇಲೆ ಹಾರುವ ವಿಜಯದೇವತೆ.

ಇಂಥ ನಾಣ್ಯ ಮಾಡುವುದು ಹೇಗೆ? ರಬ್ಬರ್ ಮೊಹರನ್ನು ನೆನಪಿಸಿಕೊಳ್ಳಿ. ಅದರಲ್ಲಿ ಅಕ್ಷರಗಳು ಹಿಂದುಮುಂದಾಗಿರುತ್ತವೆ. ಅಚ್ಚು ಕೊರೆಯುವವನೂ ಚಿತ್ರವನ್ನು ಹಾಗೆಯೇ, ಅದೂ ತಗ್ಗಾಗಿ, ಲೋಹದಲ್ಲಿ ಕೊರೆಯಬೇಕು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ. ಮೇಲಿಂದ ಸುತ್ತಿಗೆಯ ಏಟು. ಹತ್ತು ದ್ರಾಖ್ಮಾಗಳ ದೊಡ್ಡ ನಾಣ್ಯದ ತೂಕ ಸುಮಾರು 43 ಗ್ರಾಂ.

ಅದು ನೆಮ್ಮದಿಯ ಕಾಲವಾಗಿರಲಿಲ್ಲ. ಕ್ರಿ.ಪೂ. 413ರಲ್ಲಿ ದಾಳಿಗೆ ಬಂದ ಅಥೆನ್ಸ್ ಸೇನೆಯನ್ನು ಸಿರಾಕ್ಯೂಸ್ ಸೋಲಿಸಿತು. ಸೆರೆಸಿಕ್ಕ ಸಾವಿರಾರು ಮಂದಿಯನ್ನು ಕಲ್ಲುಗಣಿಗಳಿಗೆ ತಳ್ಳಿತು. ಬಳಿಕ ಕಾರ್ಥೇಜ್ ಸೇನೆ ಸಿಸಿಲಿಯ ಗ್ರೀಕ್ ನಗರಗಳನ್ನು ಒಂದೊಂದಾಗಿ ಕೆಡವಿತು. ಕ್ರಿ.ಪೂ. 405ರಲ್ಲಿ ಡಯೊನೀಸಿಯಸ್ ಸರ್ವಾಧಿಕಾರಿಯಾದ. ಕೂಲಿ ಸೈನಿಕರ ಸಂಬಳಕ್ಕೆ ರಾಶಿ ರಾಶಿ ಬೆಳ್ಳಿ ಬೇಕಾಯಿತು.

ಅಷ್ಟೆಲ್ಲ ಅಧಿಕಾರ ನಡೆಸಿದ ಡಯೊನೀಸಿಯಸ್‌ನ ಹೆಸರು ನಾಣ್ಯಗಳ ಮೇಲಿಲ್ಲ. ಇರುವುದು ಊರ ಜನರ ಹೆಸರು. ಅದರ ಜೊತೆಗೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಅಚ್ಚು ಕೊರೆದವರ ಹೆಸರು: ಕಿಮೋನ್, ಯುಐನೆಟಸ್, ಯೂಕ್ಲಿಡಾಸ್. ಕಿಮೋನ್ ಅರೆಥೂಸಾಳ ತಲೆಪಟ್ಟಿಯ ಮೇಲೆಯೇ ತನ್ನ ಹೆಸರು ಕೊರೆದ. ಪಕ್ಕದಿಂದ ಕಾಣುವ ಮುಖವೇ ರೂಢಿಯಾಗಿದ್ದಾಗ ಅವಳನ್ನು ನಮ್ಮತ್ತ ನೇರ ನೋಡುವಂತೆ ಮಾಡಿದ. ದೂರದ ಥೆಸ್ಸಲಿಯ ಲಾರಿಸ್ಸಾದವರು ಅದನ್ನು ಅನುಕರಿಸಿದರು. ಯುಐನೆಟಸ್‌ನ ಅರೆಥೂಸಾಳನ್ನಂತೂ ಶತ್ರುವಾದ ಕಾರ್ಥೇಜೇ ತನ್ನ ನಾಣ್ಯಗಳಿಗೆ ಮಾದರಿಯಾಗಿ ಇಟ್ಟುಕೊಂಡಿತು!

ಈ ಊರಿನ ಪಾವೊಲೊ ಓರ್ಸಿ ವಸ್ತುಸಂಗ್ರಹಾಲಯದಲ್ಲಿ ನಾಣ್ಯಗಳ ವಿಭಾಗವಿದೆ. ಅಲ್ಲಿಗೆ ಹೋದರೆ ರಥ, ಮುಖಗಳನ್ನಷ್ಟೇ ನೋಡಿ ಮುಂದೆ ಸಾಗಬೇಡಿ. ಕೂದಲಿನ ಪಟ್ಟಿಯಲ್ಲಿ, ಡಾಲ್ಫಿನ್‌ನ ಮೈಮೇಲೆ ಹುಡುಕಿ. ಸುಮಾರು 2,400 ವರ್ಷಗಳ ಹಿಂದೆ ಕೆಲಸ ಮಾಡಿದವನೊಬ್ಬನ ಹೆಸರು ಅಲ್ಲಿ ಸಿಕ್ಕೀತು.