ತಲೆ ಕಂಡ ಕೂಡಲೇ

ನವೆಂಬರ್ ಬಂತೆಂದರೆ ಸರಟೋಗಾದ ನಮ್ಮ ಮನೆಯ ಊಟದ ಮೇಜು ಎರಡು ಪಾಲಾಗುತ್ತದೆ. ಮಗಳು ಓದುವುದು ಬರ್ಕ್ಲಿಯಲ್ಲಿ, ಅಕ್ಕನ ಮಗ ಸ್ಟ್ಯಾನ್‌ಫರ್ಡಿನಲ್ಲಿ. ಈ ಎರಡು ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ತಂಡಗಳು ಮೊದಲ ಸಲ ಎದುರಾದದ್ದು 1892ರಲ್ಲಿ. ಈಗ ಆ ಪಂದ್ಯಕ್ಕೆ ಹೆಸರೇ ಬಿಗ್ ಗೇಮ್. ಗೆದ್ದವರ ಕೈಗೆ ಒಂದು ಹಳೆಯ ಕೊಡಲಿ ಬರುತ್ತದೆ. ಯಾರು ಗೆಲ್ಲುತ್ತಾರೆಂಬ ಮಾತು ನಮ್ಮಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ರಾತ್ರಿ ಹನ್ನೊಂದಾದರೂ ಮುಗಿಯದ ಜಗಳ ಹೆಲ್ಮೆಟ್ಟಿನದು.

ಮಗಳ ಪಕ್ಷದ್ದು ಕಡುನೀಲಿ ಹೆಲ್ಮೆಟ್. ಅದರ ಮೇಲೆ ಕೈಬರಹದಂತೆ ಬಾಗಿ ಬಳುಕಿದ 'ಕ್ಯಾಲ್' ಎಂಬ ಬರ್ಕ್ಲಿಯ ಅಡ್ಡಹೆಸರು, ಹೊನ್ನಿನ ಬಣ್ಣದಲ್ಲಿ. ಯಾರೋ ಪ್ರೀತಿಯಿಂದ ರುಜು ಹಾಕಿದ ಹಾಗಿದೆ ಎನ್ನುತ್ತಾಳೆ. ಅಕ್ಕನ ಮಗನದ್ದು ಬಿಳಿ ಹೆಲ್ಮೆಟ್, ಕೆಂಪು 'ಎಸ್'. ಆ ಅಕ್ಷರದ ನಡುವೆ ರೆಡ್‌ವುಡ್ ಮರ ಇರಬೇಕು ಎಂದು ಅವನ ಹಟ. ಸ್ಟ್ಯಾನ್‌ಫರ್ಡಿನ ಪಕ್ಕದ ಪಾಲೊ ಆಲ್ಟೊ ಊರಿಗೆ ಹೆಸರು ಕೊಟ್ಟ, ಸಾವಿರ ವರ್ಷ ದಾಟಿದ ಮರ ಅದು; ಇಂದಿಗೂ ರೈಲು ಹಳಿಯ ಪಕ್ಕ ನಿಂತಿದೆ. "ಮರ ಚಂದವೇ ಕಣೋ, ಆದ್ರೆ ನಲವತ್ತು ಗಜದಾಚೆಯಿಂದ ಯಾರಿಗೆ ಕಾಣುತ್ತೆ?" ಎಂದು ಇವಳು. ವಾರಕ್ಕೊಂದು ಬಣ್ಣ ಬದಲಿಸುವ ಒರೆಗಾನ್ ತಂಡದ ಮಾತು ಬಂದಾಗ ಮಾತ್ರ ಇಬ್ಬರೂ ಒಂದಾಗಿ ತಲೆ ಅಲ್ಲಾಡಿಸುತ್ತಾರೆ.

ಮೊದಮೊದಲು ನನಗಿದು ಮಕ್ಕಳ ಮಾತು ಅನಿಸುತ್ತಿತ್ತು. ಕಳೆದ ವರ್ಷ ಕುಂದಾಪುರದಿಂದ ಬಂದ ಅಪ್ಪಯ್ಯ ಟಿವಿ ಮುಂದೆ ಕೂತು, ಆಟದ ನಿಯಮ ಒಂದೂ ಗೊತ್ತಿಲ್ಲದೆ, ಇಡೀ ವಾದವನ್ನು ಕೇಳಿಸಿಕೊಂಡು ಹೇಳಿದರು: "ತಲೆ ಕಂಡ್ಕೂಡ್ಲೆ ವೇಷ ಯಾವ್ದ್ ಅಂದೇಳಿ ಗೊತ್ತಾಯ್ಕ್. ಅಷ್ಟೇ."

ಅವರ ಪ್ರಾಯವೆಲ್ಲ ಕಳೆದದ್ದು ಯಕ್ಷಗಾನ ಬಯಲಾಟ ನೋಡುತ್ತ. ಬಡಗುತಿಟ್ಟು ಶೈಲಿಯಲ್ಲಿ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದವನು ರಂಗಕ್ಕೆ ಬಂದರೆ ಅಭಿಮನ್ಯುವಿನಂಥ ಎಳೆಯ ವೀರನೆಂದು ಗದ್ದೆಯ ಕೊನೆಯಲ್ಲಿ ಕೂತವನಿಗೂ ತಿಳಿಯುತ್ತದೆ. ಹಾಡುವ ಭಾಗವತರು ಹೆಸರು ಹಿಡಿಯುವವರೆಗೆ ಕಾಯಬೇಕಿಲ್ಲ. ಕರ್ಣನ ಮುಂಡಾಸು ಬೇರೆ, ಧರ್ಮರಾಯನ ಕಿರೀಟ ಬೇರೆ. ಬಡಗಿನ ಮುಂಡಾಸು ಚಂದವೋ ತೆಂಕಿನ ಕಿರೀಟ ಚಂದವೋ ಎಂದು ನಮ್ಮೂರಿನ ಹೋಟೆಲುಗಳಲ್ಲಿ ಚಹಾ ಆರುವವರೆಗೆ ವಾದ ನಡೆದದ್ದನ್ನು ನಾನೇ ಕೇಳಿದ್ದೇನೆ. ಬಣ್ಣದ ಅಡಿಯಲ್ಲಿ ಮುಖ ಮುಚ್ಚಿಹೋದಾಗ ತಲೆಯೇ ಮುಖವಾಗುತ್ತದೆ. ಇಲ್ಲಿಯೂ ಹಾಗೆಯೇ. ಲೋಹದ ಕಂಬಿಯ ಹಿಂದೆ ಹುಡುಗನ ಕಣ್ಣು ಕೂಡ ಸರಿಯಾಗಿ ಕಾಣದು. ತಾಯಿ ಎಂಬತ್ತನೆಯ ಸಾಲಿನಲ್ಲಿ ಕೂತು 'ನಮ್ಮವರು' ಎಂದು ಗುರುತು ಹಿಡಿಯುವುದು ಆ ಗೋಳದಿಂದಲೇ.

ಅಪ್ಪಯ್ಯನ ಮಾತಿಗೆ ಸಾಕ್ಷಿ ಬೇಕೆಂದರೆ ಮಿಶಿಗನ್ ವಿಶ್ವವಿದ್ಯಾಲಯದ ತಂಡವಿದೆ. 1938ರಲ್ಲಿ ಅಲ್ಲಿಗೆ ತರಬೇತುದಾರನಾಗಿ ಬಂದ ಫ್ರಿಟ್ಜ್ ಕ್ರೈಸ್ಲರ್ ತೊಗಲಿನ ಹೆಲ್ಮೆಟ್ಟಿಗೆ ಹಳದಿ ರೆಕ್ಕೆ ಬರೆಸಿದ. ಆ ರೆಕ್ಕೆ ಹೊಸದಾಗಿ ಕಲ್ಪಿಸಿದ್ದೇನೂ ಆಗಿರಲಿಲ್ಲ. ಹಣೆಯ ಮೇಲೆ ಗಟ್ಟಿತನಕ್ಕೆಂದು ಹೊಲಿದ ತೊಗಲಿನ ತುಂಡು, ಹಿಂದಕ್ಕೆ ಹೋಗುವ ಪಟ್ಟಿಗಳು ಮೊದಲೇ ಇದ್ದವು. ಅವುಗಳಿಗೆ ಬಣ್ಣ ಬಳಿದರು, ಅಷ್ಟೆ. ಚೆಂಡು ಎಸೆಯುವವನಿಗೆ ದೂರ ಓಡುತ್ತಿರುವ ತನ್ನವನು ಬೇಗ ಕಾಣಲಿ ಎಂಬುದೇ ಉದ್ದೇಶ. ತೊಗಲು ಹೋಗಿ ಪ್ಲಾಸ್ಟಿಕ್ ಬಂತು, ಹೊಲಿಗೆಯೇ ಇಲ್ಲವಾಯಿತು, ರೆಕ್ಕೆ ಉಳಿಯಿತು. ನನ್ನ ಮಟ್ಟಿಗೆ ಅದಕ್ಕಿಂತ ಚೆಲುವಾದ ಹೆಲ್ಮೆಟ್ ಇನ್ನೊಂದಿಲ್ಲ. ಮಗಳು ಬೇಸರಪಟ್ಟುಕೊಂಡರೂ ಈ ಮಾತು ಬದಲಿಸಲಾರೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 1968ರಿಂದ ಒಳ್ಳೆಯ ಆಟಕ್ಕೆ ಆಟಗಾರನ ಹೆಲ್ಮೆಟ್ಟಿಗೆ ಬಕ್‌ಐ ಮರದ ಎಲೆಯ ಚೀಟಿ ಅಂಟಿಸುತ್ತ ಬಂದಿದ್ದಾರೆ. ಋತು ಮುಗಿಯುವ ಹೊತ್ತಿಗೆ ಬೆಳ್ಳಿ ಬಣ್ಣದ ಹೆಲ್ಮೆಟ್ ಚಿಗುರಿದ ಮರದಂತೆ ಕಾಣುತ್ತದೆ. ಅದೂ ನನಗೆ ಇಷ್ಟ, ದುಡಿದದ್ದು ತಲೆಯ ಮೇಲೆ ಕಾಣುತ್ತದಲ್ಲ.

ಅಪ್ಪಯ್ಯ ಆ ಮಾತು ಹೇಳಿದ ಮರುದಿನ ಪಕ್ಕದ ಮನೆಯ ಹುಡುಗ ಹೈಸ್ಕೂಲಿನ ಅಭ್ಯಾಸ ಮುಗಿಸಿ, ಹೆಲ್ಮೆಟ್ ಕೈಯಲ್ಲೇ ಹಿಡಿದು ಬಂದ. ಅಪ್ಪಯ್ಯ ಅದನ್ನು ಮಡಿಲಿಗೆ ತೆಗೆದುಕೊಂಡು ತೂಗಿ ನೋಡಿದರು. ಹತ್ತಿರ ಹತ್ತಿರ ಎರಡು ಕಿಲೋ. ಒಳಗೆ ಗಾಳಿ ತುಂಬಿದ ಮೆತ್ತೆ, ಬೆವರಿನ ವಾಸನೆ. ಕಂಬಿಯ ನಡುವೆ ಬೆರಳು ತೂರಿಸಿದರು. ಎಡಗಿವಿಯ ಮೇಲುಗಡೆ ಉದ್ದಕ್ಕೆ ಗೀರು, ಗೀರಿನೊಳಗೆ ಹಸಿರು ಬಣ್ಣ ಮೆತ್ತಿಕೊಂಡಿತ್ತು.

"ಇದ್ ಯಾವ ಬಣ್ಣ?" ಎಂದು ಕೇಳಿದರು.

ಎದುರಾಳಿಯ ಹೆಲ್ಮೆಟ್ಟಿನದು, ಡಿಕ್ಕಿ ಹೊಡೆದಾಗ ಅಂಟಿದ್ದು ಎಂದು ಹುಡುಗ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ. ಅವನು ಅದನ್ನು ಒರೆಸುವುದಿಲ್ಲವಂತೆ. ಅಪ್ಪಯ್ಯ ಆ ಹಸಿರಿನ ಮೇಲೆ ಹೆಬ್ಬೆರಳು ಆಡಿಸಿದರು, ತಿಕ್ಕಲಿಲ್ಲ.

ಹುಡುಗ ನೀರು ಕುಡಿಯಲು ಒಳಗೆ ಹೋಗುವಾಗ ಹೆಲ್ಮೆಟ್ಟನ್ನು ಚಪ್ಪಲಿಗಳ ಪಕ್ಕ ನೆಲದ ಮೇಲಿಟ್ಟ. "ಕೆಳಗ್ ಇಡ್ಬೇಡ ಮಗಾ" ಎಂದು ಅಪ್ಪಯ್ಯ ಎದ್ದೇಬಿಟ್ಟರು. ವೇಷ ಕಟ್ಟುವ ಚೌಕಿಯಲ್ಲಿ ಕಿರೀಟವನ್ನು ಕಣ್ಣಿಗೊತ್ತಿಕೊಂಡು ತೊಡುವುದನ್ನು ನೋಡಿ ಬೆಳೆದವರು. ಮೇಜಿನ ಮೇಲಿದ್ದ ಪತ್ರಿಕೆಗಳನ್ನು ಒಂದು ಕಡೆ ಸರಿಸಿ, ಪಂಚೆಯ ತುದಿಯಿಂದ ಮರವನ್ನು ಒರೆಸಿ, ಹೆಲ್ಮೆಟ್ಟನ್ನು ಎರಡೂ ಕೈಯಿಂದ ಎತ್ತಿ ಅಲ್ಲಿಟ್ಟರು.